ಕೊಡೆ ಬಟ್ಟೆಯ ಕಪ್ಪು ಪಟ್ಟಿ

ಪಿನ್ನು ಎಂಬ ವಸ್ತು ಬೇಡದಾಗ ಅಂಗಾಲಿಗೆ ಚುಚ್ಚುತ್ತದೆ, ಬೇಕಾದಾಗ ಮನೆಯಲ್ಲೇ ಇರುವುದಿಲ್ಲ. ಕಳೆದ ಭಾನುವಾರ ನನ್ನ ಹೆಂಡತಿ ನೆಂಟರ ಮನೆಯ ನಾಮಕರಣಕ್ಕೆ ಹೊರಟು ನಿಂತಿದ್ದಳು. ಸೆರಗು ನಿಲ್ಲಿಸಲು ಒಂದು ಪಿನ್ನು ಬೇಕಾಯಿತು. ಅವಳ ಬಳೆಯಲ್ಲಿ ಸದಾ ನೇತಾಡುವ ಪಿನ್ನುಗಳು ಅಂದು ಒಂದೂ ಇರಲಿಲ್ಲ. "ನಿಮ್ಮ ಇಸ್ಕೂಲ್ ಡಬ್ಬೀಲಿ ನೋಡ್ರೀ, ಅದ್ರಲ್ಲಿ ಇಲ್ದೇ ಇರೋದು ಏನಿದೆ" ಎಂದಳು.

ಅದು ಹಳೆಯ ಬಿಸ್ಕತ್ತಿನ ಡಬ್ಬಿ. ನಿವೃತ್ತನಾದ ದಿನ ಮೇಜಿನ ಖಾನೆಯಲ್ಲಿದ್ದುದನ್ನೆಲ್ಲ ಅದರೊಳಕ್ಕೆ ಬಳಿದು ತಂದಿದ್ದೆ. ಒಂದು ಸೀಟಿ, ಕೆಂಪು ಪೆನ್ಸಿಲಿನ ಮೋಟು, ಒಣಗಿದ ಇಂಕ್ ಪ್ಯಾಡು, ಬಣ್ಣದ ಸೀಮೆಸುಣ್ಣದ ಚೂರುಗಳು. ಎಲ್ಲದರ ಅಡಿಯಲ್ಲಿ ಪಿನ್ನು ಸಿಕ್ಕಿತು. ಆದರೆ ಅದು ಬಿಡಿಯಾಗಿರಲಿಲ್ಲ. ಎರಡು ಬೆರಳು ಅಗಲದ, ಒಂದು ಗೇಣು ಉದ್ದದ ಕಪ್ಪು ಬಟ್ಟೆಯ ಪಟ್ಟಿಯನ್ನೂ ನಾಲ್ಕಾಗಿ ಮಡಿಸಿದ ಒಂದು ಹಾಳೆಯನ್ನೂ ಸೇರಿಸಿ ಹಿಡಿದುಕೊಂಡಿತ್ತು. ನಾನು ಡಬ್ಬಿಯ ಮುಚ್ಚಳ ಮುಚ್ಚಿದೆ. "ಇಲ್ಲ ಕಣೇ" ಎಂದೆ. ಸುಳ್ಳು ಹೇಳಬಾರದು ಎಂದು ಸೇವೆಯುದ್ದಕ್ಕೂ ಬೋರ್ಡಿನ ಮೇಲೆ ಬರೆದವನು, ಒಂದು ಪಿನ್ನಿನ ವಿಷಯದಲ್ಲಿ ಹೆಂಡತಿಗೆ ಸುಳ್ಳು ಹೇಳಿದೆ. ಅವಳು ಪಕ್ಕದ ಮನೆಯಿಂದ ಇಸಕೊಂಡು ಬಂದಳು.

ಆ ಹಾಳೆಯಲ್ಲಿರುವುದು ನಾಲ್ಕು ಸಾಲಿನ ಒಂದು ಅರ್ಜಿ. ಕೊಡಬೇಕಾದ ಕಡೆ ಕೊಡದೆ ನನ್ನಲ್ಲೇ ಉಳಿದುಬಿಟ್ಟದ್ದು. ಅದಕ್ಕೆ ಬರುತ್ತೇನೆ. ನಿಧಾನ ನನ್ನ ಹಳೆಯ ರೋಗ, ನೀವು ಸ್ವಲ್ಪ ಸೈರಿಸಿಕೊಳ್ಳಬೇಕು.

ಕಪ್ಪು ಪಟ್ಟಿ ಎಂದರೆ ನನಗೆ ಮೊದಲು ನೆನಪಾಗುವುದು ಕೊಡೆ. ನಮ್ಮಪ್ಪನೂ ಸರ್ಕಾರಿ ಶಾಲೆಯ ಮೇಷ್ಟ್ರು, ಸಂಘದ ಮನುಷ್ಯ. ವಿದ್ಯಾರಣ್ಯಪುರಂನ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲೇ ಶಿಕ್ಷಕರ ಸಂಘದ ಸಭೆ ನಡೆಯುತ್ತಿತ್ತು. ಖಾಲಿ ಲೋಟ ಎತ್ತಿಕೊಂಡು ಬರುವುದು ನನ್ನ ಕೆಲಸ. ಕಾಫಿಯನ್ನು ಬೇಗ ಕುಡಿದು ಮುಗಿಸುವವರು ಕಡಿಮೆ ಮಾತಾಡುತ್ತಾರೆಂಬುದನ್ನು ಅಷ್ಟು ಚಿಕ್ಕ ವಯಸ್ಸಿನಲ್ಲೇ ಕಂಡುಕೊಂಡಿದ್ದೆ. ಪ್ರತಿಭಟನೆಯ ತೀರ್ಮಾನವಾದರೆ ಅಮ್ಮ ಅಟ್ಟದಿಂದ ಹರಿದ ಕೊಡೆ ಇಳಿಸಿ, ಬಟ್ಟೆ ಬಿಚ್ಚಿ, ಅಳತೆಪಟ್ಟಿ ಇಟ್ಟು ಕತ್ತರಿಸುತ್ತಿದ್ದಳು. ಉಳಿದ ಕಡ್ಡಿಗಳ ಗೂಡು ನನ್ನ ಪಾಲು. ಬಟ್ಟೆಯಿಲ್ಲದ ಆ ಕೊಡೆಯನ್ನು ಬಿಚ್ಚಿ ಹಿಡಿದು ಬಿಸಿಲಲ್ಲಿ ಗಂಭೀರವಾಗಿ ಬೀದಿ ಸುತ್ತುತ್ತಿದ್ದೆ. ನೆರಳು ಕೊಡದ ವಸ್ತುಗಳ ಮೇಲೆ ನನಗೆ ಆಗಿನಿಂದಲೂ ನಂಬಿಕೆ ಹೆಚ್ಚು.

ಸಂಘ ಬಲವಾಗುವ ಮೊದಲು ಶಾಲಾ ಇನ್ಸ್‌ಪೆಕ್ಟರರ ಮನೆಯ ಮದುವೆಗೆ ಮೇಷ್ಟ್ರುಗಳು ಹೋಗಿ ಪಂಕ್ತಿಗೆ ಬಡಿಸಬೇಕಿತ್ತಂತೆ. ಬಾಯಿ ತೆರೆದವರನ್ನು ಬಸ್ಸಿಲ್ಲದ ಊರಿಗೆ ಎತ್ತಿ ಹಾಕುತ್ತಿದ್ದರು. ಅಪ್ಪನನ್ನೂ ಹಾಗೆ ಒಮ್ಮೆ ಹಾಕಿದ್ದರು. ಒಂದು ವರ್ಷ ಅವರು ವಾರಕ್ಕೊಮ್ಮೆ ಮಾತ್ರ ಮನೆಗೆ ಬರುತ್ತಿದ್ದರು, ಬಂದಾಗ ಮೊದಲು ಚಪ್ಪಲಿಯ ಮುಳ್ಳು ಕೀಳುತ್ತಿದ್ದರು. ಅದೆಲ್ಲ ನಿಂತದ್ದು ಸಂಘದಿಂದ. ಇದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಹೇಳುವುದನ್ನು ಓದಿ ನಾನು ಸಂಘವನ್ನು ಬೈಯುತ್ತಿದ್ದೇನೆಂದು ನೀವು ತಿಳಿಯಬಾರದು.

ಒಂದು ಬೆಳಿಗ್ಗೆ ಅಪ್ಪ ತೋಳಿಗೆ ಪಟ್ಟಿ ಕಟ್ಟಿಕೊಂಡು, ಎಂದಿನಂತೆ ನಕ್ಷೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ಹೊರಟರು. ಮುಷ್ಕರವಲ್ಲವೇ, ಇವತ್ತೂ ಪಾಠವೇ ಎಂದು ಕೇಳಿದೆ. "ಪಟ್ಟಿ ಕಟ್ಕೊಂಡಿದ್ ದಿನ ಪಾಠ ಇನ್ನೂ ಚೆನ್ನಾಗ್ ಮಾಡ್ಬೇಕು ಕಣೋ. ಇಲ್ದಿದ್ರೆ ಇದು ಬರೀ ಬಟ್ಟೆ" ಎಂದರು.

ಆ ಮಾತನ್ನು ನಾನು ಪೂರ್ತಿ ಅರ್ಥ ಮಾಡಿಕೊಳ್ಳದೆ ಪೂರ್ತಿ ನಂಬಿದೆ. ಮೇಷ್ಟ್ರಾದೆ, ಸಂಘ ಸೇರಿದೆ, ಕಾಲಕ್ರಮದಲ್ಲಿ ಸಂಘಟನಾ ಕಾರ್ಯದರ್ಶಿ ಎಂಬ ಪದವಿಯೂ ಬಂತು. ಕೇಳಲು ದೊಡ್ಡದು. ಕೆಲಸ ಬ್ಯಾನರ್ ಮಡಿಸಿಡುವುದು ಮತ್ತು ಮನವಿ ಪತ್ರ ಬರೆಯುವುದು, ನನ್ನ ಅಕ್ಷರ ದುಂಡಗಿದ್ದುದರಿಂದ. ಒಮ್ಮೆ ಘೋಷಣೆ ಕೂಗಲು ಬಿಟ್ಟರು. ನನ್ನ ಗಂಟಲು ಎರಡನೇ ಸಲಕ್ಕೇ ಒಡೆದು, ಮುಂದಿದ್ದವರೆಲ್ಲ ಯಾರೋ ಹೆಂಗಸರು ಕೂಗಿದರೆಂದು ಹಿಂದಿರುಗಿ ನೋಡಿದರು. ಆಮೇಲೆ ಬಿಡಲಿಲ್ಲ. ಮೇಷ್ಟ್ರುಗಳ ಮೆರವಣಿಗೆಯನ್ನು ನೀವು ನೋಡಿದ್ದೀರೋ ಇಲ್ಲವೋ. ಯಾರೂ ಹೇಳದೆ ಇಬ್ಬಿಬ್ಬರ ಸಾಲಾಗುತ್ತದೆ, ಕುಳ್ಳಗಿರುವವರು ತಾವಾಗಿಯೇ ಮುಂದೆ ಬರುತ್ತಾರೆ. ಸಂಚಾರಿ ಪೊಲೀಸರು ಸೀಟಿ ಊದಿದರೆ ಇಡೀ ಸಾಲು ಥಟ್ಟನೆ ನಿಲ್ಲುತ್ತದೆ. ವ್ಯವಸ್ಥೆಯನ್ನು ಪ್ರಶ್ನಿಸಲು ಹೊರಟವರು ಇಷ್ಟು ಅಚ್ಚುಕಟ್ಟಾಗಿ ಹೋಗಬಾರದು ಎಂದು ಆಗಾಗ ಅನ್ನಿಸುತ್ತಿತ್ತು.

ನಮ್ಮದು ಒಂದರಿಂದ ಐದನೇ ತರಗತಿಯವರೆಗಿನ ಸಣ್ಣ ಶಾಲೆ. ಹೆಸರು ಬೇಡ, ಈಗ ಅದಕ್ಕೆ ಹೆಸರಿನಿಂದ ಉಪಯೋಗವೂ ಇಲ್ಲ. ನಾವು ಮೂವರು. ಮುಖ್ಯೋಪಾಧ್ಯಾಯಿನಿಗೆ ಮೀಟಿಂಗು, ಕಚೇರಿ ಎಂದು ತಿರುಗುವುದರಲ್ಲೇ ವಾರ ಕಳೆಯುತ್ತಿತ್ತು. ಪಾಠ ನಡೆಯುತ್ತಿದ್ದುದು ನನ್ನಿಂದ ಮತ್ತು ಫಿಲೋಮಿನಾ ಮೇಡಂ ಅವರಿಂದ. ಅವರು ಒಂದನೇ, ಎರಡನೇ ತರಗತಿ ನೋಡಿಕೊಳ್ಳುತ್ತಿದ್ದರು. ಆ ಶಾಲೆಗೆ ಅವರು ನನಗಿಂತ ಆರು ವರ್ಷ ಮೊದಲು ಬಂದವರು. ಅಳುತ್ತ ಬಂದ ಮಗುವಿನ ಕೈಗೆ ಡಸ್ಟರ್ ಕೊಟ್ಟು, ಬೋರ್ಡು ನೀನೇ ಒರೆಸಬೇಕು ಎಂದು ಗಂಭೀರವಾಗಿ ಹೇಳುವುದು ಅವರ ರೀತಿ. ಮಗು ಅಳುವುದನ್ನು ಮರೆತು ಅಧಿಕಾರ ವಹಿಸಿಕೊಳ್ಳುತ್ತಿತ್ತು. ಗಾರೆ ಕೆಲಸಕ್ಕೆಂದು ಹಳ್ಳಿಗಳಿಂದ ಬಂದು ನೆಲೆಸಿದವರ ಮನೆಗಳಿದ್ದವು ಸುತ್ತ. ಆ ತಾಯಂದಿರು ಮಕ್ಕಳನ್ನು ಸೇರಿಸುವಾಗ ಶಾಲೆಯ ಹೆಸರು ಹೇಳುತ್ತಿರಲಿಲ್ಲ. ಮಿಸ್ ಹತ್ರ ಬಿಡಕ್ಕೆ ಬಂದಿದೀವಿ ಎನ್ನುತ್ತಿದ್ದರು.

ಕಂಪ್ಯೂಟರಿನ ಕೆಲಸವೂ ಅವರದೇ. ಪ್ರತಿ ಮಗುವಿನ ವಿವರವನ್ನೂ ಇಲಾಖೆಯ ಜಾಲತಾಣದಲ್ಲಿ ತುಂಬಬೇಕು. ನಾನು ಕೀಲಿಮಣೆಯ ಮುಂದೆ ಕೂತರೆ ಒಂದು ಹೆಸರಿಗೆ ಅರ್ಧ ಗಂಟೆ. ಹಾಗಾಗಿ ಅವರೇ ಶಾಲೆ ಬಿಟ್ಟ ಮೇಲೆ ತಿರುವಿನ ಸೈಬರ್ ಅಂಗಡಿಯಲ್ಲಿ ಕೂತು ಮುಗಿಸಿ ಬರುತ್ತಿದ್ದರು. ಪಾಸ್‌ವರ್ಡು ಅವರ ಪುಟ್ಟ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿರುತ್ತಿತ್ತು.

ಆ ವರ್ಷ ಸಂಘ ಒಂದು ತೀರ್ಮಾನ ಮಾಡಿತು. ಪಾಠಕ್ಕಿಂತ ಹೆಚ್ಚಾಗಿರುವ ಈ ಅಂಕಿಅಂಶದ ಕೆಲಸವನ್ನು, ಬೇಡಿಕೆ ಈಡೇರುವವರೆಗೆ ಯಾರೂ ಮಾಡಬಾರದು. ಕಪ್ಪು ಪಟ್ಟಿ ಧರಿಸಿ ಪಾಠ ಮಾತ್ರ ಮಾಡಬೇಕು. ನ್ಯಾಯವಾದ ತೀರ್ಮಾನ. ಈಗಲೂ ಹಾಗೆಯೇ ಅನ್ನಿಸುತ್ತದೆ. ನಾನು ಮನೆಯ ಹಳೆಯ ಕೊಡೆಯೊಂದನ್ನು ಬಿಚ್ಚಿ, ಅಮ್ಮನಂತೆಯೇ ಅಳತೆಪಟ್ಟಿ ಇಟ್ಟು ಪಟ್ಟಿಗಳನ್ನು ಕತ್ತರಿಸಿಕೊಂಡು ಹೋದೆ. ಪಿನ್ನು ಮರೆತಿದ್ದೆ. ಫಿಲೋಮಿನಾ ಮೇಡಂ ತಮ್ಮ ಬಳೆಯಿಂದ ಎರಡು ಪಿನ್ನು ತೆಗೆದು, ಒಂದರಲ್ಲಿ ತಮ್ಮ ಪಟ್ಟಿ ಸಿಕ್ಕಿಸಿಕೊಂಡರು. ಒಂಟಿ ಕೈಯಲ್ಲಿ ನನಗೆ ಬಾರದ್ದನ್ನು ನೋಡಿ, ಇನ್ನೊಂದರಲ್ಲಿ ನನ್ನ ಅಂಗಿಯ ತೋಳಿಗೆ ಸಿಕ್ಕಿಸಿದರು. ಮೊದಲ ಬೆಂಚಿನ ಒಬ್ಬಳು ಎದ್ದು ನಿಂತು, "ಯಾರ್ ತೀರ್ಕೊಂಡ್ರು ಸಾ?" ಎಂದು ಕೇಳಿದಳು. ಯಾರೂ ಇಲ್ಲ, ಕೂತ್ಕೋ ಎಂದೆ. ಅಂದು ನಾನು ಭಾಗಾಕಾರವನ್ನು ಬಹಳ ಚೆನ್ನಾಗಿ ಕಲಿಸಿದೆ.

ಮಕ್ಕಳ ಸಂಖ್ಯೆ ಕಳಿಸುವ ಗಡುವು ಹತ್ತಿರ ಬಂತು. ಹಾಜರಿ ಪುಸ್ತಕದಲ್ಲಿ ಮೂವತ್ತೇಳು ಮಕ್ಕಳು. ಕಂಪ್ಯೂಟರಿನಲ್ಲಿ ಇಪ್ಪತ್ತೆರಡು. ಹೊಸದಾಗಿ ಸೇರಿದ ಹದಿನೈದು ಹೆಸರುಗಳು ಅದಕ್ಕಿನ್ನೂ ಏರಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಆ ವಾರ ರಜೆಯ ಮೇಲಿದ್ದರು. ಮಧ್ಯಾಹ್ನದ ಊಟದ ತಟ್ಟೆಗಳನ್ನು ಮಕ್ಕಳು ತೊಳೆಯುತ್ತಿದ್ದಾಗ ಫಿಲೋಮಿನಾ ಮೇಡಂ ನನ್ನ ಬಳಿ ಬಂದರು. ಹದಿನೈದು ಹೆಸರುಗಳ ಚೀಟಿ ಕೈಯಲ್ಲಿತ್ತು.

"ಸರ್, ನಾಳೆ ಕೊನೇ ದಿನ. ಸಾಯಂಕಾಲ ಹೋಗಿ ಹಾಕ್ಬುಡ್ಲಾ?"

"ಬೇಡ ಮೇಡಂ. ತೀರ್ಮಾನ ಅಂದ್ರೆ ತೀರ್ಮಾನ."

"ನಮ್ಮೊಬ್ರಿಂದ ಏನಾಗತ್ತೆ ಸರ್?"

"ಎಲ್ರೂ ಹಂಗೇ ಅಂದ್ಕೊಂಡ್ರೆ?"

ಅವರು ಚೀಟಿಯನ್ನು ಮಡಿಸಿದರು. "ಸರಿ ಸರ್" ಎಂದು ಅದನ್ನು ಬ್ಯಾಗಿಗೆ ಹಾಕಿಕೊಂಡರು. ನನಗೆ ಅಪ್ಪನ ನೆನಪಾಯಿತು. ಹೆಮ್ಮೆಯೂ ಆಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮರುವಾರ ಸರ್ಕಾರದಿಂದ ಭರವಸೆ ಬಂದು ಬಹಿಷ್ಕಾರ ಹಿಂದಕ್ಕೆ ಹೋಯಿತು. ಗಡುವು ಮಾತ್ರ ಮುಂದಕ್ಕೆ ಹೋಗಲಿಲ್ಲ. ಕಂಪ್ಯೂಟರ್ ಇಪ್ಪತ್ತೆರಡು ಎಂದಿತು, ಅಷ್ಟು ಮಕ್ಕಳಿಗೆ ಇಬ್ಬರು ಸಾಕು ಎಂದು ಆದೇಶ ಬಂತು. ನಮ್ಮ ಶಾಲೆಯಲ್ಲಿ ಒಬ್ಬರು ಹೆಚ್ಚುವರಿ, ಅಂದರೆ ಬೇರೆ ಊರಿಗೆ ಹೋಗಬೇಕು. ನಾನು ಹಾಜರಿ ಪುಸ್ತಕ ಹಿಡಿದುಕೊಂಡು ಕಚೇರಿಗೆ ಓಡಿದೆ. ಮಕ್ಕಳು ನಿಜವಾಗಿ ಇದ್ದಾರೆ ಎಂದೆ. ಇರಬಹುದು, ಇದರಲ್ಲಿ ಇಲ್ಲವಲ್ಲ ಎಂದು ಅಲ್ಲಿಯವರು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.

ಅಲ್ಲಿಂದ ಸಂಘದ ಕೋಣೆಗೆ ಹೋದೆ. ಅಧ್ಯಕ್ಷರು ನಿಂಗರಾಜು, ನನಗಿಂತ ಎರಡು ವರ್ಷ ಚಿಕ್ಕವರು, ಕೆಟ್ಟವರಲ್ಲ. ಎಷ್ಟೋ ಜನರ ಬಡ್ತಿ, ಹೆರಿಗೆ ರಜೆ, ಪಿಂಚಣಿ ಕಾಗದಗಳಿಗಾಗಿ ಮೆಟ್ಟಿಲು ಹತ್ತಿ ಇಳಿದವರು. ಬೇರೆ ಯಾವ ಶಾಲೆಯ ಲೆಕ್ಕವೂ ಕಡಿಮೆ ಬಂದಿಲ್ಲವಲ್ಲ, ಅದು ಹೇಗೆ ಎಂದು ಕೇಳಿದೆ. ಅವರು ಟೀ ಲೋಟ ಕೆಳಗಿಟ್ಟು ನನ್ನನ್ನು ನೋಡಿದರು.

"ಮೇಷ್ಟ್ರೇ, ನಿಮ್ಗೆ ನಿಜವಾಗ್ಲೂ ಹಾಕ್ಬೇಡಿ ಅಂತ ಯಾರ್ ಹೇಳಿದ್ರು? ಮಿಕ್ಕಿದ್ದು ಬುಟ್ರೆ ಬುಡ್ಲಿ, ಮಕ್ಕಳ್ ಲೆಕ್ಕ ಯಾರಾದ್ರೂ ಬುಡ್ತಾರಾ? ನಮ್ ಇಸ್ಕೂಲಿಂದು ಎರಡ್ ದಿನ ಮುಂಚೇನೇ ಹೋಯ್ತಲ್ಲ."

ಸುತ್ತ ಕೂತಿದ್ದ ಇಬ್ಬರು ನಕ್ಕರು. ಕುಹಕವೇನೂ ಇರಲಿಲ್ಲ. ಮದುವೆ ಮನೆಯಲ್ಲಿ ಉಪವಾಸ ಕೂತವನನ್ನು ನೋಡಿ ನಗುವ ಹಾಗೆ ನಕ್ಕರು. ಎಲ್ಲರೂ ಪಟ್ಟಿ ಕಟ್ಟಿಕೊಂಡೇ ಸೈಬರ್ ಅಂಗಡಿಗೆ ಹೋಗಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಇನ್ನು ಅರ್ಜಿಯ ವಿಷಯ. ಶಾಲೆಗೆ ಕೊನೆಗೆ ಬಂದವರು ಹೆಚ್ಚುವರಿ ಎಂಬುದು ಆ ವರ್ಷದ ಕ್ರಮ. ಕೊನೆಗೆ ಬಂದವನು ನಾನು. ಆದರೆ ಸಂಘದ ಪದಾಧಿಕಾರಿಗೆ ವಿನಾಯಿತಿ ಇತ್ತು. ಮಾತಾಡುವವರನ್ನು ಎತ್ತಿ ಎಸೆಯಬಾರದೆಂದು ಅಪ್ಪನಂಥವರು ಮುಳ್ಳು ತುಳಿದು ಗಳಿಸಿಕೊಟ್ಟ ವಿನಾಯಿತಿ ಅದು. ಮುಖ್ಯೋಪಾಧ್ಯಾಯಿನಿಯ ಹುದ್ದೆ ಆ ಲೆಕ್ಕಕ್ಕೆ ಬಾರದು, ನನ್ನನ್ನು ಬಿಟ್ಟರೆ ಫಿಲೋಮಿನಾ ಮೇಡಂ ಹೋಗಬೇಕು. ಅವರ ನಿವೃತ್ತಿಗೆ ಮೂರು ವರ್ಷವಿತ್ತು. ಗಂಡ ಹೆಂಡತಿ ಇಬ್ಬರೂ ನೌಕರರಾದರೆ ಒಂದು ವಿನಾಯಿತಿ, ವಿಧವೆಯರಿಗೆ ಒಂದು, ದೊಡ್ಡ ಕಾಯಿಲೆಗೆ ಒಂದು. ಅವರು ಮದುವೆಯಾಗದೆ ಒಬ್ಬರೇ ಇದ್ದವರು. ಮಂಡಿ ನೋವು ದೊಡ್ಡ ಕಾಯಿಲೆಯಲ್ಲ. ವಿನಾಯಿತಿ ಕೇಳುವ ನಮೂನೆಯಲ್ಲಿ ಅವರಿಗೆ ಹೊಂದುವ ಒಂದು ಕಾಲಮ್ಮೂ ಇರಲಿಲ್ಲ.

ನನಗೆ ವಿನಾಯಿತಿ ಬೇಡ, ನಾನೇ ಹೋಗುತ್ತೇನೆ ಎಂದು ನಾಲ್ಕು ಸಾಲು ಬರೆದೆ. ನಿಂಗರಾಜು ಅವರಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. ನೀವು ಬಿಟ್ಟುಕೊಟ್ಟರೆ ನಾಳೆ ಪ್ರತಿಯೊಬ್ಬ ಪದಾಧಿಕಾರಿಗೂ ಅದನ್ನೇ ಕೇಳುತ್ತಾರೆ, ನಿಮ್ಮೊಬ್ಬರ ಮರ್ಯಾದೆಗೆ ಸಂಘದ ಹಕ್ಕು ಹೋಗಬೇಕೇ ಎಂದರು. ಆ ಮಾತಿನಲ್ಲಿ ತೂಕವಿತ್ತು. ನನಗೆ ಬೇಕಾಗಿದ್ದೂ ತೂಕದ ಒಂದು ಮಾತೇ. ನನ್ನ ಮನೆ ಇಲ್ಲಿ, ಹೆಂಡತಿಯ ಕೆಲಸ ಇಲ್ಲಿ, ಎಲ್ಲ ಇಲ್ಲಿ.

ಆದರೂ ಮರುದಿನ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಹೋದೆ. ಟಪಾಲು ತೆಗೆದುಕೊಳ್ಳುವ ಗುಮಾಸ್ತರು ಊಟಕ್ಕೆ ಹೋಗಿದ್ದರು. ಬೆಂಚಿನ ಮೇಲೆ ಕೂತೆ. ಅವರು ಬಂದರು, ಕನ್ನಡಕ ಒರೆಸಿ ಹಾಕಿಕೊಂಡರು, ಮೊಹರು ಹತ್ತಿರಕ್ಕೆ ಎಳೆದುಕೊಂಡರು, ಏನು ಸರ್ ಎಂದರು. ಏನಿಲ್ಲ, ಸುಮ್ಮನೆ ಬಂದಿದ್ದೆ ಎಂದು ಎದ್ದು ಬಂದೆ. ನನ್ನ ಜೀವನದ ಎಷ್ಟೋ ಸಂಗತಿಗಳಲ್ಲಿ ಹೀಗಾಯಿತೋ ಹಾಗಾಯಿತೋ ಎಂಬ ಅನುಮಾನವಿದೆ. ಇದರಲ್ಲಿ ಇಲ್ಲ. ಆ ಮೊಹರು ನನ್ನಿಂದ ಒಂದು ಮೊಳ ದೂರದಲ್ಲಿತ್ತು.

ಸಂಘ ಸುಮ್ಮನೆ ಕೂರಲಿಲ್ಲ. ಫಿಲೋಮಿನಾ ಮೇಡಂ ಅವರನ್ನು ಉಳಿಸಿಕೊಡಿ ಎಂದು ಅಧಿಕಾರಿಗಳಿಗೆ ಮನವಿ ಕೊಟ್ಟಿತು. ಬರೆದವನು ನಾನು. ಮನವಿ ಕೊಡುವಾಗ ಫೋಟೋದಲ್ಲಿ ಬರಲು ಎಲ್ಲರೂ ಹಾಳೆಯ ಅಂಚನ್ನು ಮುಟ್ಟುವುದು ನಮ್ಮಲ್ಲಿ ವಾಡಿಕೆ. ಒಂದು ಹಾಳೆಗೆ ಹನ್ನೊಂದು ಕೈ. ಆ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಯಾರ ಸಲುವಾಗಿ ಮನವಿಯೋ ಅವರ ಕೈಗೆ ಜಾಗ ಸಿಕ್ಕದೆ, ಅವರು ಪಕ್ಕಕ್ಕೆ ನಿಂತು ಎಲ್ಲರ ಹಾಗೆ ಕ್ಯಾಮೆರಾ ನೋಡುತ್ತಿದ್ದಾರೆ.

ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಅವರಿಗೆ ಸಿಕ್ಕಿದ್ದು ಎಚ್.ಡಿ. ಕೋಟೆಯಿಂದಲೂ ಆಚೆಗಿನ ಒಂದು ಹಳ್ಳಿ. ಎರಡು ಬಸ್ಸು, ಆಮೇಲೆ ನಡಿಗೆ. ಕೊನೆಯ ದಿನ ಅವರು ಒಂದನೇ ತರಗತಿಯ ಪ್ರತಿ ಮಗುವಿನ ಬಗ್ಗೆಯೂ ಒಂದು ಸಾಲು ಬರೆದು ನನಗೆ ಕೊಟ್ಟರು. ಇವಳಿಗೆ ಎಡಗೈ, ಬದಲಾಯಿಸಬೇಡಿ. ಇವನಿಗೆ ದೂರದ್ದು ಕಾಣಿಸಲ್ಲ, ಮುಂದೆ ಕೂರಿಸಿ. ನಾನು ಹಾಗೆಯೇ ಮಾಡಿದೆ. ಅಷ್ಟಾದರೂ ಮಾಡಿದೆ. ಆದರೆ ಅಳುವ ಮಗುವಿಗೆ ನಾನು ಡಸ್ಟರ್ ಕೊಟ್ಟರೆ ಅದು ಇನ್ನೂ ಜೋರಾಗಿ ಅಳುತ್ತಿತ್ತು. ಮಿಸ್ ಇಲ್ಲವಂತೆ ಎಂದು ಒಬ್ಬೊಬ್ಬರೇ ತಾಯಂದಿರು ಬಂದು ವರ್ಗಾವಣೆ ಪತ್ರ ಕೇಳತೊಡಗಿದರು. ಎರಡು ವರ್ಷದಲ್ಲಿ ಹಾಜರಿ ಪುಸ್ತಕವೂ ಕಂಪ್ಯೂಟರೂ ಒಂದೇ ಸಂಖ್ಯೆ ಹೇಳುವಂತಾಯಿತು. ಒಂಬತ್ತು. ಮಕ್ಕಳನ್ನು ದೊಡ್ಡ ರಸ್ತೆಯಾಚೆಯ ಶಾಲೆಗೆ ಸೇರಿಸಿ ನಮ್ಮದಕ್ಕೆ ಬೀಗ ಹಾಕಿದರು. ಅಂದು ಯಾರ ತೋಳಿನಲ್ಲೂ ಪಟ್ಟಿ ಇರಲಿಲ್ಲ. ನನ್ನ ತೋಳಿನಲ್ಲೂ.

ಕಳೆದ ಭಾನುವಾರ ಹೆಂಡತಿ ನಾಮಕರಣಕ್ಕೆ ಹೋದ ಮೇಲೆ ಡಬ್ಬಿ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಸೋಮವಾರ ಬೆಳಿಗ್ಗೆ ಪಿನ್ನು ಸಮೇತ ಎಲ್ಲವನ್ನೂ ಜೇಬಿನಲ್ಲಿಟ್ಟುಕೊಂಡು ಫಿಲೋಮಿನಾ ಮೇಡಂ ಅವರ ಮನೆಗೆ ಹೋದೆ. ಅವರು ಹಳ್ಳಿಯಲ್ಲೇ ನಿವೃತ್ತರಾಗಿ ತಮ್ಮ ಹಳೆಯ ಮನೆಗೆ ಮರಳಿದ್ದಾರೆ. ಚರ್ಚಿನ ಹಿಂದಿನ ಓಣಿ. ಬಾಗಿಲು ತೆಗೆಯಲು ಗೋಡೆ ಹಿಡಿದುಕೊಂಡು ಬಂದರು. ಕಾಫಿ ಕೊಟ್ಟರು. ಅರ್ಜಿಯ ಕಥೆಯನ್ನು, ಟಪಾಲಿನ ಬೆಂಚನ್ನೂ ಬಿಡದೆ, ಹೇಳಿದೆ. ಹೇಳಿ ಹಾಳೆ ಮುಂದಿಟ್ಟೆ.

ಅವರು ಪಿನ್ನು ಬಿಚ್ಚಿ, ಪಟ್ಟಿ ಪಕ್ಕಕ್ಕಿಟ್ಟು, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಉತ್ತರ ಪತ್ರಿಕೆ ಓದುವವರ ಹಾಗೆ ಕೊನೆಯ ತಾರೀಖಿನವರೆಗೂ ಓದಿದರು.

"ಇದು ನಂಗೊತ್ತಿರ್ಲಿಲ್ಲ" ಎಂದರು. ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು, "ಅವತ್ತು ಸಾಯಂಕಾಲ ನಾನು ಆ ಸೈಬರ್ ಅಂಗ್ಡೀಗೆ ಹೋಗಿದ್ದೆ ಸರ್. ಕಂಪ್ಯೂಟರ್ ಮುಂದೆ ಕೂತೂ ಇದ್ದೆ. ಪಾಸ್‌ವರ್ಡು ನನ್ಹತ್ರಾನೇ ಇತ್ತಲ್ಲ. ಸರ್ ಬೇಡ ಅಂದಿದಾರೆ, ಅಂತ ಎದ್ಬಂದ್ಬುಟ್ಟೆ."

ನಾನು ಲೋಟದ ತಳದ ಕಾಫಿಯನ್ನು ಕುಡಿದು ಮುಗಿಸಿದೆ.

ಅವರು ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ನನಗೆ ವಾಪಸು ಕೊಟ್ಟರು. ಪಟ್ಟಿಯನ್ನೂ ಕೊಟ್ಟರು. ಪಿನ್ನನ್ನು ಮಾತ್ರ ಕೊಡಲಿಲ್ಲ. ಬೆಳಕಿಗೆ ಹಿಡಿದು, ತುಕ್ಕನ್ನು ಉಗುರಿನಿಂದ ಕೆರೆದು, ತಮ್ಮ ಬಳೆಗೆ ಸಿಕ್ಕಿಸಿಕೊಂಡರು. "ಇದು ನಂದು ಸರ್" ಎಂದರು. ಕೋಪವಿರಲಿಲ್ಲ. ಕ್ಷಮೆಯೂ ಇತ್ತೆಂದು ನನಗೆ ಅನ್ನಿಸಲಿಲ್ಲ. ಆಮೇಲೆ ಆ ಎಡಗೈ ಹುಡುಗಿ ಈಗ ಎಷ್ಟನೇ ಕ್ಲಾಸು ಎಂದು ವಿಚಾರಿಸಿದರು. ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಪಟ್ಟಿಯನ್ನು ತೋಳಿನ ಮೇಲೆ ಇಟ್ಟು ನೋಡಿದೆ. ಕೊಡೆ ಬಟ್ಟೆ, ನುಣುಪು. ಕೈ ತೆಗೆದ ಕೂಡಲೇ ಜಾರಿ ಬಿತ್ತು. ಇನ್ನೊಂದು ಸಲ ಇಟ್ಟೆ, ಮತ್ತೆ ಬಿತ್ತು. ಹೆಂಡತಿ ಒಗೆದ ಬಟ್ಟೆ ಎತ್ತಿಕೊಂಡು ಒಳಗೆ ಬಂದವಳು ಕಾಲ ಬಳಿ ಬಿದ್ದದ್ದನ್ನು ನೋಡಿ, "ಏನ್ರೀ ಅದು?" ಎಂದಳು.

"ಏನಿಲ್ಲ ಕಣೇ" ಎಂದೆ. "ಬರೀ ಬಟ್ಟೆ."